ವಚನದ ಆ್ಯಪ್ ರಿವ್ಯೂ: ಆಡಿಯೋ ಸೂಪರ್, ‘ಅರ್ಥ’ ಯಾರದ್ದು ಸ್ವಾಮಿ?

ಆ್ಯಪ್ ಹೆಸರು ಹೇಳಲ್ಲ, ಪ್ಲೇ ಸ್ಟೋರಲ್ಲಿ ವಚನ ಅಂತ ಹುಡುಕಿದ್ರೆ ಸಿಗೋವುಗಳಲ್ಲಿ ಒಂದು. 5ಕ್ಕೆ 2 ಸ್ಟಾರ್, ಆ ಎರಡೂ ಆಡಿಯೋಗೆ. ಓದಿರೋ ಹೆಣ್ಮಗಳ ದನಿ ಚೆನ್ನಾಗಿದೆ, ಹಿಂದೆ ಕೀಬೋರ್ಡ್ ಗದ್ದಲ ಇಲ್ಲ, ನಮ್ಮಮ್ಮ ಲಿಂಗಪೂಜೆ ಹೊತ್ತಲ್ಲಿ ಹಾಕ್ಕೊಂಡು ಕೂರ್ತಾರೆ. ಅಕ್ಷರ ದೊಡ್ಡದು ಮಾಡ್ಬಹುದು, ನೆಟ್ ಇಲ್ದೆನೂ ಓಡುತ್ತೆ. ಕೇಳೋಕೆ ಮಾತ್ರ ಬೇಕಂದ್ರೆ ಇಲ್ಲಿಗೇ ನಿಲ್ಲಿಸಿ ಡೌನ್‌ಲೋಡ್ ಮಾಡ್ಕೊಳ್ಳಿ.

ತಕರಾರು ಶುರುವಾಗೋದು ಓದೋಕೆ ಕೂತ್ರೆ. ಬಸವಣ್ಣನ ವಿಭಾಗದಲ್ಲಿ ಒಂದು ವಚನ ಕೂಡಲಸಂಗಮದೇವಾ ಅಂತ ಮುಗಿಯುತ್ತೆ, ಅದರ ಕೆಳಗಿಂದು ಲಿಂಗದೇವಾ ಅಂತ, ಹೊಸಬ್ರು ನೋಡಿದ್ರೆ ಬಸವಣ್ಣಂಗೆ ಎರಡು ಅಂಕಿತ (ವಚನದ ಕೊನೆಗೆ ಸಹಿ ಥರ ಬರೋ ದೇವರ ಹೆಸರು) ಇತ್ತೇನೋ ಅನ್ಕೋತಾರೆ. ಇರಲಿಲ್ಲ. ಅದು ಲಿಂಗಾಯತ ಧರ್ಮಗುರು ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ ಪುಸ್ತಕದಲ್ಲಿ ಮಾಡಿದ ಬದಲಾವಣೆ, 1998ರಲ್ಲಿ ಸರ್ಕಾರ ಆ ಪುಸ್ತಕ ಮುಟ್ಟುಗೋಲು ಹಾಕ್ಕೊಳ್ತು, 2017ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು. (ಪುಸ್ತಕ ಬ್ಯಾನ್ ಮಾಡೋದು ನಂಗೆ ಸರಿ ಕಾಣಲ್ಲ, ಅದು ಬೇರೆ ಮಾತು. ಆದ್ರೆ ತಮ್ಮ ನಂಬಿಕೆನ ತಮ್ಮ ಹೆಸರಲ್ಲೇ ಬರೀಬಹುದಿತ್ತಲ್ವಾ.) ಆ್ಯಪ್‌ನೋರು ಎರಡೂ ಕಡೆಯಿಂದ ಕಾಪಿ ಹೊಡೆದು ಒಂದೇ ಕಡೆ ಸುರಿದಿದಾರೆ, ಯಾವ ವಚನ ಯಾವ ಪುಸ್ತಕದ್ದು ಅಂತ ಒಂದು ಸಾಲೂ ಇಲ್ಲ.

ಇನ್ನು ‘ಅರ್ಥ’ ಅನ್ನೋ ಬಟನ್. ಕಲ್ಲ ನಾಗರಕ್ಕೆ ಹಾಲೆರೆಯೋ ವಚನ ತೆಗೀರಿ, ಬೇರೆಯವರ ಮೂಢನಂಬಿಕೆ ಬಗ್ಗೆ ಉದ್ದದ ಭಾಷಣ. ಅದೇ ಅಂಬಿಗರ ಚೌಡಯ್ಯ ವೇಷದ ಜಂಗಮರನ್ನ, ಅಂದ್ರೆ ನಮ್ಮೋರೇ ಆದ ಸ್ವಾಮಿಗಳನ್ನ, ಜಾಡಿಸೋ ವಚನಕ್ಕೆ ‘ಅರ್ಥ ಸದ್ಯದಲ್ಲೇ’. ಒರಟು ಬೈಗುಳ ಇರೋವಂತೂ ಲಿಸ್ಟಲ್ಲೇ ಇಲ್ಲ. ವಚನಕಾರ್ತಿ ಸೂಳೆ ಸಂಕವ್ವನ್ನ ‘ಶರಣೆ ಸಂಕವ್ವ’ ಮಾಡಿದಾರೆ, ಆಯಮ್ಮನ ವಚನ ಇರೋದೇ ಗಿರಾಕಿ ಕೊಡೋ ಒತ್ತೆ ಹಣದ ಲೆಕ್ಕದಲ್ಲಿ, ಕಸುಬು ಅಳಿಸಿದ್ರೆ ಓದೋರಿಗೆ ಏನು ತಿಳೀಬೇಕು? ಅಂಕಿತಾನೇ ನಿರ್ಲಜ್ಜೇಶ್ವರ ಅಂತ ಇಟ್ಕೊಂಡೋಳಿಗೆ ಇವರ ನಾಚಿಕೆ ಯಾಕೆ ಹೊದಿಸ್ಬೇಕು.

ಪ್ರಶ್ನೋತ್ತರ ಅಂತ ಒಂದು ಪುಟ ಇದೆ. ‘ಲಿಂಗಾಯತ ಪ್ರತ್ಯೇಕ ಧರ್ಮವೇ?’ ಅನ್ನೋದಕ್ಕೆ ಒಂದೇ ಸಾಲಿನ ಉತ್ತರ, ‘ನಾವು ಶರಣರು ಹೀಗೆ ನಂಬುತ್ತೇವೆ’ ಅಂತ ಶುರು. ಏನು ಉತ್ತರ ಅಂತ ಇಲ್ಲಿ ಬರೆದ್ರೆ ರಿವ್ಯೂ ಬಿಟ್ಟು ಜಗಳ ಶುರುವಾಗುತ್ತೆ. 2018ರ ಮಾರ್ಚಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡ್ತು, ಕೇಂದ್ರ ಒಪ್ಪಲಿಲ್ಲ, ಮಠಗಳೇ ಎರಡು ಕಡೆ ನಿಂತ್ವು, ನಮ್ಮನೇಲೇ ಅಪ್ಪ ಒಂದು ಕಡೆ ದೊಡ್ಡಪ್ಪ ಇನ್ನೊಂದು ಕಡೆ. ಅಂಥದ್ರಲ್ಲಿ ಈ ‘ನಾವು’ ಯಾರಪ್ಪಾ? ಡೆವಲಪರ್ ಮಾಹಿತಿ ನೋಡಿದ್ರೆ ಒಂದು ಮೇಲ್ ಐಡಿ, ಅಷ್ಟೇ. ನಾಸ್ತಿಕರು ಪ್ರಶ್ನೆ ಕೇಳಿದ್ರೆ ನಿಮಗೇನು ಹಕ್ಕು ಅಂತ ಕೇಳ್ತೀವಿ, ಇವರನ್ನ ಯಾರೂ ಕೇಳಲ್ಲ!

ತಮಾಷೆ ಅಂದ್ರೆ ಆ್ಯಪ್ ತೆರೆದ ಕೂಡ್ಲೇ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಫೋಟೋ, ನಮನಗಳು ಅಂತ. ಸರ್ಕಾರ ತಂದ ವಚನಗಳ 15 ಸಂಪುಟಗಳ ಪ್ರಧಾನ ಸಂಪಾದಕರು ಅವರು, ಶರಣರ ಬಗ್ಗೆ ಬರೆದಿದ್ದನ್ನ ವಾಪಸ್ ತಗೋ ಅಂತ ಅವರಿಗೇ 1989ರಲ್ಲಿ ಸಮುದಾಯದೊಳಗಿಂದ್ಲೇ ಒತ್ತಡ ಬಂದಿತ್ತು. ಫೋಟೋ ಹಾಕೋ ಬದ್ಲು ಸಂಪುಟ ಸಂಖ್ಯೆ, ವಚನ ಸಂಖ್ಯೆ ಹಾಕಿದ್ರೆ ಸಾಕಿತ್ತು.

ಪ್ರೀಮಿಯಂಗೆ ದುಡ್ಡು ಕೊಡೋಕೆ ಹೋಗ್ಬೇಡಿ. ಓದೋಕೆ ವಚನ ಸಂಚಯ ವೆಬ್‌ಸೈಟ್ ಇದೆ, ಫ್ರೀ, ಒಂದು ಪದ ಹಾಕಿದ್ರೆ ಯಾವ್ಯಾವ ವಚನಕಾರರು ಬಳಸಿದಾರೆ ಅಂತ ತೋರಿಸುತ್ತೆ, ಅರ್ಥ ಹೇಳಿ ತಲೆ ತಿನ್ನಲ್ಲ. ಅಮ್ಮನ ಫೋನಲ್ಲಿ ಆ್ಯಪ್ ಇರ್ಲಿ, ನಂದ್ರಲ್ಲಿ ಅನ್‌ಇನ್‌ಸ್ಟಾಲ್.