ಬೇಕಲ ಕೋಟೆ: ಕನ್ನಡದ ಮನೆಯವರು ಹೊರಡುವ ಮೊದಲು

ನೋಟಕ್ಕೆ ಕೇರಳದ ಕಾಸರಗೋಡು ಜಿಲ್ಲೆಯ ಕಡಲ ಬದಿಯ ಬೇಕಲ ಕೋಟೆಗೆ ಐದರಲ್ಲಿ ಐದು ಅಂಕ ಕೊಡಬೇಕು. ಕನ್ನಡ ಮಾತ್ರ ಓದಬಲ್ಲ ಮಗುವಿಗೆ, ಮಲಯಾಳ ಬಾರದ ಅಜ್ಜಿಗೆ ಅಲ್ಲಿ ಏನು ಸಿಗುತ್ತದೆ ಎಂದು ಕೇಳಿದರೆ ಎರಡೇ. ಉಳಿದ ಮೂರು ಅಂಕ ಎಲ್ಲಿ ಸೋರಿ ಹೋಗುತ್ತದೆ, ಅದರಲ್ಲಿ ಎಷ್ಟನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಬಹುದು ಎಂದು ಹೇಳುವುದಕ್ಕೆ ಈ ಬರಹ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ಹೊರಡುವವರಿಗೂ ಪುತ್ತೂರು, ಸುಳ್ಯದಿಂದ ರಜೆಗೆ ಬರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ದಾರಿ. ಕಾಸರಗೋಡಿನಿಂದ ಕೋಟೆಗೆ ಸುಮಾರು 16 ಕಿಲೋಮೀಟರ್. ತಪ್ಪು ಆಗುವುದು ಬಸ್ಸಿನಲ್ಲಿ. ಕಾಸರಗೋಡಿನಿಂದ ಕಾಞಂಗಾಡಿಗೆ ಬಸ್ಸುಗಳು ಎರಡು ದಾರಿಯಲ್ಲಿ ಹೋಗುತ್ತವೆ: ಒಂದು ಚೆರ್ಕಳ, ಪೊಯಿನಾಚಿ, ಪೆರಿಯ ಮೂಲಕ ರಾಷ್ಟ್ರೀಯ ಹೆದ್ದಾರಿಯಲ್ಲಿ, ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಪಾಲಕುನ್ನು ಮೂಲಕ ಕಡಲ ಬದಿಯಲ್ಲಿ. ಕೋಟೆ ಇರುವುದು ಎರಡನೆಯ ದಾರಿಯಲ್ಲಿ. ಬೋರ್ಡು ಮಲಯಾಳದಲ್ಲಿರುತ್ತದೆ, ಎರಡರಲ್ಲೂ ಊರಿನ ಹೆಸರು ಒಂದೇ. ಹಾಗಾಗಿ ಹತ್ತುವ ಮೊದಲು 'ಚಂದ್ರಗಿರಿ ವಳಿಯಾ?' ಎಂದು ಕೇಳಿ. 'ವಳಿ' ಎಂದರೆ ದಾರಿ. ಟಿಕೆಟಿಗೆ 'ಬೇಕಲ್ ಕೋಟ್ಟ' ಎನ್ನಿ. ಬರೀ 'ಬೇಕಲ' ಎಂದರೆ ಊರಿನ ಪೇಟೆಯಲ್ಲಿ ಇಳಿಸಿಯಾರು, ಬಿಸಿಲಲ್ಲಿ ಅಜ್ಜಿಯನ್ನು ನಡೆಸಬೇಕಾಗುತ್ತದೆ. ಕೋಟೆಯ ಹೆಸರಿನ ರೈಲ್ವೆ ಸ್ಟೇಷನ್ ಇದೆ, ಆದರೆ ಎಕ್ಸ್‌ಪ್ರೆಸ್‌ಗಳು ಹೆಚ್ಚಿನವು ನಿಲ್ಲುವುದಿಲ್ಲ. ರೈಲಿನವರು ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿದು ಬಸ್ಸು ಹಿಡಿಯುವುದೇ ಲೇಸು.

ಹೆಸರುಗಳ ವಿಷಯ ಇಲ್ಲೇ ಹೇಳಿಬಿಡಬೇಕು. ಕಾಞಂಗಾಡಿನ ತಾಲೂಕಿಗೆ ಇವತ್ತಿಗೂ ಸರಕಾರಿ ಹೆಸರು ಹೊಸದುರ್ಗ. ಕೆಳದಿಯ ಸೋಮಶೇಖರ ನಾಯಕ ಕಟ್ಟಿಸಿದ ಹೊಸ ದುರ್ಗದಿಂದ ಬಂದ ಹೆಸರು ಅದು. ಪೇಟೆಗೆ, ನಗರಸಭೆಗೆ, ರೈಲ್ವೆ ಸ್ಟೇಷನ್ನಿಗೆ ಮಾತ್ರ ಕಾಞಂಗಾಡ್ ಎಂದೇ ಹೆಸರು. ಮಕ್ಕಳಿಗೆ ಎರಡನ್ನೂ ಹೇಳಿಕೊಡಿ: ದಾರಿ ಕೇಳಲು ಒಂದು, ಊರು ಯಾರ ಬಾಯಲ್ಲಿ ಏನಾಗಿತ್ತು ಎಂದು ತಿಳಿಯಲು ಇನ್ನೊಂದು.

ಬಸ್ಸು ಚಂದ್ರಗಿರಿ ಸೇತುವೆ ದಾಟುವಾಗ ಮಕ್ಕಳನ್ನು ಕಿಟಕಿಗೆ ಕರೆಯಿರಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ತಕರಾರು ನೋಡಲು ನೇಮಿಸಿದ ಮಹಾಜನ ಆಯೋಗದ 1967ರ ವರದಿ ಈ ಹೊಳೆಯ ಬಡಗು ದಿಕ್ಕಿನ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದು ಜಾರಿಗೆ ಬರಲಿಲ್ಲ. ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಿ ಕಾಗದದಲ್ಲಿ ಸಿಗುವ ಸೌಲಭ್ಯ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸುತ್ತಲೇ ಇದೆ. ಕೋಟೆ ಇರುವುದು ಹೊಸದುರ್ಗ ತಾಲೂಕಿನಲ್ಲಿ, ಹೊಳೆಯ ತೆಂಕು ಬದಿಯಲ್ಲಿ. ಒಂದೇ ಜಿಲ್ಲೆಯೊಳಗೆ ಅರ್ಧ ಗಂಟೆಯ ಪ್ರಯಾಣದಲ್ಲಿ ಕನ್ನಡ ಗೋಡೆಗಳಿಂದ ಇಳಿದು ಹೋಗುವುದನ್ನು ಮಕ್ಕಳು ತಾವಾಗಿಯೇ ಗಮನಿಸುತ್ತಾರೆ. ಯಾಕೆ ಎಂದು ಕೇಳಿದಾಗ ಉತ್ತರ ಗೊತ್ತಿರಲಿ.

ಟಿಕೆಟ್ ಭಾರತೀಯರಿಗೆ 25 ರೂಪಾಯಿ, ಕ್ಯುಆರ್ ಸ್ಕ್ಯಾನ್ ಮಾಡಿ ಕೊಟ್ಟರೆ 20. ವಿದೇಶಿಯರಿಗೆ 300. 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಸಣ್ಣ ಮಕ್ಕಳು ಎಂದರೆ ಒಟ್ಟು 75, ಫೋನಿನಲ್ಲಿ 60. ದರ ನಿಂತಿರುವುದು ಪೌರತ್ವದ ಮೇಲೆ, ಮುಖದ ಮೇಲೆ ಅಲ್ಲ. ಈಶಾನ್ಯ ರಾಜ್ಯಗಳ ಭಾರತೀಯರನ್ನು ಮುಖ ನೋಡಿ ವಿದೇಶಿ ಎಂದು ಎಣಿಸಿ ಗುರುತಿನ ಚೀಟಿ ಕೇಳುವುದು ದೇಶದ ಹಲವು ಪ್ರವಾಸಿ ತಾಣಗಳಲ್ಲಿ ನಡೆದಿದೆ. ಕನ್ನಡದ ಮನೆಗಳಲ್ಲೂ ಈ ಎಚ್ಚರಿಕೆ ಬೇಕಾದವರಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ, ಆಫ್ರಿಕ ಮೂಲದ ಸಿದ್ದಿಗಳು ತಲೆತಲಾಂತರದಿಂದ ಇಲ್ಲಿಯವರು, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವವರು, ಕೊಂಕಣಿಯಂಥ ಮನೆಮಾತಿನ ಜೊತೆ ಕನ್ನಡವನ್ನೂ ಆಡುವವರು. ಆದರೂ ಗುಂಗುರು ಕೂದಲು ಕಂಡ ಕೂಡಲೇ ಯಾವ ದೇಶ ಎಂದು ಕೇಳುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಅಂಥ ಮನೆಯವರು ದೊಡ್ಡವರೆಲ್ಲರ ಆಧಾರ್ ಫೋನಿನ ಡಿಜಿಲಾಕರ್‌ನಲ್ಲಿ ಇಟ್ಟುಕೊಂಡು, ಸಾಲಿನಲ್ಲಿ ಒಬ್ಬರೇ ನಿಂತು ಎಲ್ಲರ ಟಿಕೆಟ್ ಒಟ್ಟಿಗೆ ತೆಗೆದುಬಿಟ್ಟರೆ ಮಕ್ಕಳ ಮುಂದೆ ಆ ಮಾತು ಏಳುವುದಿಲ್ಲ. ನೇಪಾಳವೂ ಇರುವ ನೆರೆ ದೇಶಗಳ ಕೂಟಗಳಾದ ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶದವರಿಗೂ ದರ ಭಾರತೀಯರದ್ದೇ. 'ನೇಪಾಳದವರಾ?' ಎಂದು ಯಾರಾದರೂ ತಪ್ಪು ಎಣಿಸಿದರೂ ದರ ಬದಲಾಗುವುದಿಲ್ಲ ಎಂಬುದು ನೆನಪಿರಲಿ. ಅಮೆರಿಕ, ಕೆನಡಾದಿಂದ ಬಂದ ಮಗಳು, ಅಳಿಯ ಜೊತೆಗಿದ್ದರೆ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡು) ತಪ್ಪದೆ ತನ್ನಿ; ಸ್ಮಾರಕಗಳ ಪ್ರವೇಶದಲ್ಲಿ ಆ ಕಾರ್ಡಿನವರಿಗೆ ಭಾರತೀಯರ ದರವೇ. ಬರೀ ಪಾಸ್‌ಪೋರ್ಟ್ ತೋರಿಸಿದರೆ ಅದರ ಮೇಲೆ ವಾದಿಸಲು ಆಗುವುದಿಲ್ಲ.

ಬೆಳಗ್ಗೆ 8ಕ್ಕೆ ಬಾಗಿಲು ತೆರೆಯುತ್ತದೆ. ಮೊದಲ ಎರಡು ಗಂಟೆಯೇ ಚಿನ್ನ. ಒಳಗೆ ನೆರಳು ಬಹಳ ಕಡಿಮೆ, ಹತ್ತೂವರೆಯ ಮೇಲೆ ಕಡಲಿನ ಸೆಕೆ ಮತ್ತು ಮುರಕಲ್ಲಿನ ಕಾವು ಎರಡೂ ಸೇರಿ ಮಕ್ಕಳು ಬಚ್ಚಿ ಹಠ ಹಿಡಿಯುತ್ತಾರೆ. ಒಬ್ಬರಿಗೆ ಒಂದು ಲೀಟರಿನಂತೆ ನೀರು, ಅಜ್ಜಿಗೆ ಕೊಡೆ. ಒಳಗೆ ತಿಂಡಿಗಂಟು ಬಿಚ್ಚುವ ಹಾಗಿಲ್ಲ. ರಕ್ಷಿತ ಸ್ಮಾರಕಗಳ ನಿಯಮ ಹಾಗಿದೆ. ಸಂಜೆ ಸೂರ್ಯ ಮುಳುಗುವ ಮೊದಲೇ ಹೊರಗೆ ಕಳಿಸುತ್ತಾರೆ, ಆದ್ದರಿಂದ ಸೂರ್ಯಾಸ್ತಕ್ಕೆ ಎಂದು ಬರುವವರು ಪಕ್ಕದ ಪಳ್ಳಿಕ್ಕರೆ ಕಡಲತೀರಕ್ಕೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಹಾವಸೆ ಕಟ್ಟುತ್ತದೆ, ರಬ್ಬರ್ ಚಪ್ಪಲಿ ಜಾರುತ್ತದೆ. ಗೋಡೆಯ ಅಂಚಿಗೆ ಎಲ್ಲ ಕಡೆ ಕಂಬಿ ಇಲ್ಲ. ಸಣ್ಣವರ ಕೈ ಬಿಡಬೇಡಿ. ಆ ತಿಂಗಳುಗಳಲ್ಲಿ ಕಡಲಿಗೆ ಇಳಿಯುವ ಮಾತೇ ಬೇಡ.

ಕೋಟೆ ಸುಮಾರು 40 ಎಕರೆ, ಕೇರಳದಲ್ಲೇ ದೊಡ್ಡದು. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಎಂಬುದು ಹೆಚ್ಚಿನವರು ಒಪ್ಪುವ ಮಾತು. ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕಾಲದಲ್ಲೇ ಇಲ್ಲೊಂದು ಕೋಟೆ ಇತ್ತು, ನಾಯಕರು ಅದನ್ನು ಬೆಳೆಸಿದರು ಎಂಬ ವಾದವೂ ಇದೆ. ಎರಡನ್ನೂ ಮಕ್ಕಳಿಗೆ ಹೇಳಬೇಕು. ನಮ್ಮದು ಎಂದು ತೋರಿಸುವ ಭರದಲ್ಲಿ ಇನ್ನೊಬ್ಬರದ್ದನ್ನು ಅಳಿಸಿದರೆ, ನಮಗೆ ನೋವು ಕೊಟ್ಟದ್ದನ್ನೇ ನಾವೂ ಮಾಡಿದಂತೆ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಮೇಲೆ ಇದು ಮೈಸೂರಿನ ಕೈಗೆ, 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯ ಕೈಗೆ. ಕಾಸರಗೋಡು ತಾಲೂಕು ಎಂಬುದು ಆಗುವ ಮೊದಲು ಈ ಭಾಗಕ್ಕೆಲ್ಲ ಬೇಕಲ ತಾಲೂಕು ಎಂದೇ ಹೆಸರಿತ್ತು.

ಒಳಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಹೊರಗೋಡೆಯ ಕಿಂಡಿಗಳಿಗೆ. ಹೆಚ್ಚಿನವರು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಕಿಂಡಿಗಳು ನೇರವಾಗಿಲ್ಲ, ಓರೆಯಾಗಿ ಕೊರೆದವು. ಮೇಲಿನದ್ದು ದೂರದ ಗುರಿಗೆ, ನಡುವಿನದ್ದು ಹತ್ತಿರ ಬಂದವರಿಗೆ, ಕೆಳಗಿನದ್ದು ಗೋಡೆಯ ಬುಡಕ್ಕೆ ಬಂದು ಮುಟ್ಟಿದವರಿಗೆ. ಮಗುವನ್ನು ಮೂರಕ್ಕೂ ಒಂದೊಂದಾಗಿ ಕಣ್ಣಿಡಲು ಹೇಳಿ, ಏನು ಕಾಣುತ್ತದೆ ಎಂದು ಕೇಳಿ. ವಿವರಿಸುವ ಮೊದಲೇ ಅರ್ಥವಾಗುತ್ತದೆ. ಓದು ಬೇಡದ, ಭಾಷೆ ಬೇಡದ ಪಾಠ ಇದೊಂದೇ. ಆಮೇಲೆ ಮೆಟ್ಟಿಲಿರುವ ಕೆರೆ, ತೆಂಕು ಕಡೆಗೆ ತೆರೆಯುವ ಸುರಂಗದ ಬಾಯಿ, ಮದ್ದಿನ ಮನೆ, ಕೊನೆಗೆ ಅಗಲ ದಾರಿ ಹತ್ತಿ ಕಾವಲು ಬುರುಜು. ಬುರುಜಿನ ಏರು ನಿಧಾನವಾಗಿದೆ, ಮೊಣಕಾಲು ನೋವಿನ ಅಜ್ಜಿಯೂ ಎರಡು ಕಡೆ ನಿಂತು ಹತ್ತಬಹುದು. ಮೇಲೆ ನಿಂತರೆ ಬಡಗಲೂ ತೆಂಕಲೂ ತೆಂಗು, ಪಡುವಲಲ್ಲಿ ಕಡಲು. ಬಾಗಿಲ ಬಳಿಯ ಮುಖ್ಯಪ್ರಾಣ ದೇವರ ಗುಡಿಯನ್ನೂ ಹತ್ತಿರದ ಹಳೆ ಮಸೀದಿಯನ್ನೂ ಬಿಡಬೇಡಿ. ಇಡೀ ಸುತ್ತಿಗೆ ಎರಡು ಗಂಟೆ ಬೇಕು. ನಲವತ್ತು ನಿಮಿಷದಲ್ಲಿ ಮುಗಿಸಿದವರು ಕಿಂಡಿಯನ್ನು ನೋಡಿರುವುದಿಲ್ಲ.

ಅಂಕ ಕಳೆದದ್ದು ಫಲಕಗಳಿಗೆ. ರಕ್ಷಿತ ಸ್ಮಾರಕಗಳಲ್ಲಿ ಹಿಂದಿ, ಇಂಗ್ಲಿಷ್ ಮತ್ತು ಆಯಾ ರಾಜ್ಯದ ಭಾಷೆ ಎಂಬುದು ರೂಢಿ. ಆ ಲೆಕ್ಕದಲ್ಲಿ ಶಿವಪ್ಪ ನಾಯಕನ ಹೆಸರನ್ನು ಅವನು ಆಡಿದ ಭಾಷೆಯಲ್ಲಿ ಬರೆಯುವ ಜಾಗ ಎಲ್ಲೂ ಬರುವುದಿಲ್ಲ. ತಾಲೂಕಿನ ಗಡಿ ಕಚೇರಿಯ ಕಾಗದಕ್ಕೆ ಇರಲಿ, ಕೆಳದಿಯಿಂದ ಇಲ್ಲಿಯವರೆಗೆ ಬಂದ ಚರಿತ್ರೆಗೆ ಅದು ಅಡ್ಡ ಬರಬೇಕಾಗಿಲ್ಲ. ಕೋಟೆ ಕಾಯಲು ನಾಯಕರ ಕಾಲದಲ್ಲಿ ಬಂದ ರಾಮಕ್ಷತ್ರಿಯರ ಮನೆಗಳು, ಊರವರು ಕೋಟೆಯಾರ್ ಎಂದು ಕರೆಯುವವರು, ಇಂದಿಗೂ ಹೊಸದುರ್ಗದ ಕಡೆ ಇದ್ದಾರೆ. ಬಾಗಿಲ ಬಳಿ ಕನ್ನಡದ ಒಂದೇ ಒಂದು ಫಲಕ ಇಟ್ಟರೂ ನಮ್ಮ ಎರಡು ಅಂಕ ಮೇಲೇರುತ್ತದೆ. ಅಲ್ಲಿಯವರೆಗೆ ಮನೆಯಲ್ಲೇ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಐದು ವಾಕ್ಯ ಬರೆದು ಮಗುವಿನ ಕೈಗೆ ಕೊಡಿ, ಬುರುಜಿನ ಮೇಲೆ ಅದೇ ಎಲ್ಲರಿಗೂ ಓದಿ ಹೇಳಲಿ. ಕನ್ನಡ ಬರುವ ಗೈಡ್ ಸಿಗುತ್ತಾರೆ ಎಂದು ನೆಚ್ಚಿ ಮಾತ್ರ ಹೋಗಬೇಡಿ.

ಊಟಕ್ಕೆ ಹೊರಗಿನ ಹೋಟೆಲುಗಳಲ್ಲಿ ತೊಂದರೆ ಇಲ್ಲ. 'ಊಣ್' ಎಂದರೆ ಊಟ. ಬರುವುದು ಕುಚ್ಚಿಲಕ್ಕಿ ಅನ್ನ. ಮಕ್ಕಳಿಗೆ ಬೆಳ್ತಿಗೆ ಅಕ್ಕಿಯ ಅನ್ನ ಬೇಕಿದ್ದರೆ 'ಪಚ್ಚರಿ ಚೋರ್' ಎಂದು ಮೊದಲೇ ಕೇಳಿ. ಮೀನು ಮುಟ್ಟದವರು 'ವೆಜ್' ಎಂದರೆ ಸಾಕು, ಆದರೆ ಸಾರು ಬಡಿಸುವ ಮೊದಲು ಹೇಳಬೇಕು. ನಮ್ಮ ಕಡೆಯ ಮಾತಿನಂತೆ ಎಳನೀರಿಗೆ 'ಬೊಂಡ' ಎಂದು ಕೇಳಿದರೆ ಎಣ್ಣೆಯಲ್ಲಿ ಕರಿದದ್ದು ಬರುತ್ತದೆ, 'ಇಳನೀರ್' ಎನ್ನಿ. ಕೆಂಪಗಿನ ಬಿಸಿನೀರು ಕೊಟ್ಟರೆ ಹೆದರಬೇಡಿ, ಮರದ ಚಕ್ಕೆ ಹಾಕಿ ಕುದಿಸಿದ ಕುಡಿಯುವ ನೀರು ಅದು.

ಈ ಊಟದ ಮೇಜಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: 'ನಾಡ್ ಎವಿಡೆಯಾ?' ಊರು ಯಾವುದು ಎಂದು ಅಕ್ಕರೆಯಿಂದಲೇ ಕೇಳುವುದು. ಕನ್ನಡ ಕಿವಿಗೆ ಬಿದ್ದ ಮೇಲೆ ಅದರ ಮುಂದಿನ ಮಾತು 'ಕರ್ನಾಟಕಾ ಅಲ್ಲೇ?' ಕೆಎಲ್ 14 ನಂಬರಿನ ಗಾಡಿಯಲ್ಲಿ ತಲಪಾಡಿ ದಾಟಿ ಮಂಗಳೂರಿಗೆ ಹೋದಾಗ ಇದೇ ಮನೆಯವರಿಗೆ ಸಿಗುವ ಪ್ರಶ್ನೆ 'ನೀವು ಕೇರಳದವರಾ?' ಎರಡು ಕಡೆಯೂ ನೆಂಟರು. ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ, ಮಕ್ಕಳು ಸುಮ್ಮನಾದದ್ದನ್ನು ನೋಡುತ್ತಾರೆ. ಸುಮ್ಮನಾಗಬೇಡಿ, ಸಿಟ್ಟೂ ಬೇಡ. 'ಇವಿಡೆ ತನ್ನೆ, ಬದಿಯಡ್ಕ' ಎಂದು ಊರಿನ ಹೆಸರು ಸೇರಿಸಿ ಹೇಳಿ, ಇಲ್ಲಿಯೇ ಎಂದರ್ಥ. ಎದುರಿನವರ ಮುಖ ಸಡಿಲವಾಗುತ್ತದೆ, ಹೆಚ್ಚಾಗಿ ಅವರಿಗೂ ಆ ಕಡೆ ನೆಂಟರೋ ಗೆಳೆಯರೋ ಇರುತ್ತಾರೆ. ಮಕ್ಕಳಿಗೆ ಇದೊಂದು ವಾಕ್ಯ ಬಸ್ಸಿನಲ್ಲೇ ಬಾಯಿಪಾಠ ಮಾಡಿಸಿ, ಉತ್ತರವನ್ನು ಅವರೇ ಕೊಡಲಿ. ಪುತ್ತೂರು, ಸುಳ್ಯದವರು 'ಪುತ್ತೂರಿಲ್ ನಿನ್ನಾ' ಎಂದರೆ ಸಾಕು.

ವಾಪಸು ಬರುವಾಗ ಬಸ್ಸಿನ ಎಡಬದಿಯ ಸೀಟು ಹಿಡಿಯಿರಿ, ಕಡಲು ಆ ಕಡೆ. ಹೊತ್ತು ಉಳಿದಿದ್ದರೆ ಸೇತುವೆಗೆ ಮೊದಲು ಮೇಲ್ಪರಂಬದ ಬಳಿ ಇಳಿದು ಚಂದ್ರಗಿರಿ ಕೋಟೆ ನೋಡಿ. ಅದೂ ನಾಯಕರ ಕಾಲದ್ದು, ಬೇಕಲಕ್ಕಿಂತ ಬಹಳ ಸಣ್ಣದು, ಜನ ಕಡಿಮೆ. ಗೋಡೆಯ ಮೇಲಿಂದ ಹೊಳೆ ಕಡಲು ಸೇರುವುದು ಕಾಣುತ್ತದೆ, ಆಚೆ ದಡದಲ್ಲಿ ಕಾಸರಗೋಡು.