ಹ್ಯಾಲೋವೀನ್ (1978): 91 ನಿಮಿಷದ್ದೋ, 101 ನಿಮಿಷದ್ದೋ?

ಜಾನ್ ಕಾರ್ಪೆಂಟರ್ ನಿರ್ದೇಶನದ ಹಾರರ್ ಚಿತ್ರ ‘ಹ್ಯಾಲೋವೀನ್’ ಮತ್ತೊಮ್ಮೆ ನೋಡಲು ಕೂತವರು ಮೊದಲು ಪ್ಲೇಯರ್‌ನಲ್ಲಿ ಒಟ್ಟು ಅವಧಿ ಎಷ್ಟು ಎಂದು ನೋಡಿಕೊಳ್ಳಿ. 91 ನಿಮಿಷ ಇದ್ದರೆ ಥಿಯೇಟರ್ ಆವೃತ್ತಿ. 101 ಇದ್ದರೆ ಟಿವಿಗೆಂದು ಚಿತ್ರೀಕರಿಸಿದ ದೃಶ್ಯಗಳೂ ಸೇರಿದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಚಿಕ್ಕದೇ ಮೇಲು, ಅದೂ ಸ್ವಲ್ಪಸ್ವಲ್ಪ ಅಲ್ಲ.

ಆ ಹೆಚ್ಚುವರಿ ದೃಶ್ಯಗಳು ಮೊದಲ ಚಿತ್ರೀಕರಣದಲ್ಲಿ ಉಳಿದ ತುಣುಕುಗಳಲ್ಲ. 1981ರಲ್ಲಿ ಅಮೆರಿಕದ ಟಿವಿ ವಾಹಿನಿ ಎನ್‌ಬಿಸಿ ಪ್ರಸಾರಕ್ಕೆ ಸಿನಿಮಾದ ಅವಧಿ ಸಾಲದಾದಾಗ, ಎರಡನೇ ಭಾಗದ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲೇ ಹೊಸದಾಗಿ ತೆಗೆದವು. ಬ್ಲೌಸ್ ಕೇಳಲು ಗೆಳತಿ ಲಿಂಡಾ ಮನೆಗೆ ಬಂದಾಗ ನಾಯಕಿ ಲಾರಿ ತಲೆಗೆ ಟವೆಲ್ ಸುತ್ತಿಕೊಂಡಿರುತ್ತಾಳೆ, ಯಾಕೆಂದರೆ ಅಷ್ಟರಲ್ಲಿ ಆ ಪಾತ್ರದ ನಟಿ ಜೇಮಿ ಲೀ ಕರ್ಟಿಸ್ ಕೂದಲು ಗಿಡ್ಡವಾಗಿತ್ತು. ಈ ದೃಶ್ಯ ಇದ್ದರೂ ನಡೆಯುತ್ತದೆ.

ಕೆಡಿಸುವುದು ಆಸ್ಪತ್ರೆಯ ದೃಶ್ಯಗಳು. ಮೂಲದಲ್ಲಿ, ಮುಖವಾಡದ ಕೊಲೆಗಾರ ಮೈಕಲ್ ಮೈಯರ್ಸ್‌ನ ಮನೋವೈದ್ಯ ಡಾಕ್ಟರ್ ಲೂಮಿಸ್, ಪಾಳುಬಿದ್ದ ಮೈಯರ್ಸ್ ಮನೆಯ ಕತ್ತಲಲ್ಲಿ ನಿಂತು ಶೆರಿಫ್‌ಗೆ ಹೇಳುತ್ತಾನೆ: ಆರು ವರ್ಷದ ಹುಡುಗನಾಗಿದ್ದ ಮೈಕಲ್‌ನ ಮನಸ್ಸು ಮುಟ್ಟಲು ಎಂಟು ವರ್ಷ ಹೆಣಗಿದೆ, ಅವನು ಹೊರಬರದಂತೆ ತಡೆಯಲು ಇನ್ನೇಳು ವರ್ಷ ಹೆಣಗಿದೆ ಎಂದು. ಆ ಹುಡುಗನನ್ನು ನಾವು ಲೂಮಿಸ್ ಮಾತಲ್ಲೇ ಕಲ್ಪಿಸಿಕೊಳ್ಳಬೇಕು. ಟಿವಿ ದೃಶ್ಯ ಅವನನ್ನು ಮೊದಲೇ ತಂದು ಕೂರಿಸಿ ತೋರಿಸಿಬಿಡುತ್ತದೆ. ಮೇಲಾಗಿ, ಅವನ ಕೋಣೆಯ ಬಾಗಿಲಲ್ಲಿ ‘ಸಿಸ್ಟರ್’ ಎಂದು ಗೀರಿದ್ದನ್ನೂ ತೋರಿಸುತ್ತದೆ, ಅಂದರೆ ಲಾರಿ ಅವನ ತಂಗಿ ಎಂಬ ಸುಳಿವು. ಮೂಲದಲ್ಲಿ ಲಾರಿ ಮಾಡಿದ್ದಿಷ್ಟೇ: ಅಪ್ಪ ಹೇಳಿದರೆಂದು ಆ ಮನೆಗೆ ಕೀಲಿ ಇಡಲು ಹೋದಳು. ಅಷ್ಟಕ್ಕೇ ಅವನು ಬೆನ್ನು ಹತ್ತಿದ. ಕಾರಣ ಸಿಕ್ಕ ಕೂಡಲೇ ಆ ಭಯ ಅರ್ಧ ಇಳಿದುಹೋಗುತ್ತದೆ.

ಇನ್ನು ಬಣ್ಣ. ಕಥೆ ಇಲಿನಾಯ್‌ನ ಅಕ್ಟೋಬರ್‌ನದು, ಚಿತ್ರೀಕರಣ ಕ್ಯಾಲಿಫೋರ್ನಿಯಾದ ವಸಂತದ್ದು. ಬಣ್ಣ ಬಳಿದ ಎಲೆ ಹರಡಿ, ಶಾಟ್ ಮುಗಿದ ಮೇಲೆ ಗುಡಿಸಿ ಮತ್ತೆ ಬಳಸುತ್ತಿದ್ದರು. ಮರಗಳು ಮಾತ್ರ ಹಸಿರಾಗೇ ಇದ್ದವು. ಹಾಗಾಗಿ ಶರತ್ಕಾಲದ ಭಾವ ಬರುವುದರಲ್ಲಿ ಬಣ್ಣದ ಹದಕ್ಕೂ ದೊಡ್ಡ ಪಾಲಿದೆ. 2007ರ ಬ್ಲೂ-ರೇಯಲ್ಲಿ ರಾತ್ರಿಯ ನೀಲಿ ಮಾಸಿದೆ. 2013ರದ್ದು ಛಾಯಾಗ್ರಾಹಕ ಡೀನ್ ಕಂಡಿ ಉಸ್ತುವಾರಿಯದು, ಹದವಾಗಿದೆ. 2021ರ 4ಕೆ ಡಿಸ್ಕ್ ಮೂಲ ನೆಗೆಟಿವ್‌ನಿಂದ ಮಾಡಿದ್ದು; ಕೈಗೆಟುಕಿದರೆ ಅದನ್ನೇ ಹಿಡಿಯಿರಿ.

ಹಳೆಯ ಚೌಕ ಟಿವಿಗೆ ಕತ್ತರಿಸಿದ ಪ್ರತಿ ಬೇಡವೇ ಬೇಡ. 2.35:1 (ಅಗಲ:ಎತ್ತರ) ಚೌಕಟ್ಟನ್ನು 4:3ಕ್ಕೆ ಕತ್ತರಿಸಿದರೆ ಸುಮಾರು 43% ಚಿತ್ರ ಹೋಗುತ್ತದೆ. ಲಾರಿ ಗೋಡೆಗೆ ಒರಗಿ ಅಳುತ್ತಿರುತ್ತಾಳೆ, ಪಕ್ಕದಲ್ಲಿ ಬರೀ ಕಪ್ಪು ಬಾಗಿಲು. ಆ ಕಪ್ಪಿನೊಳಗಿಂದ ಬಿಳಿ ಮುಖವಾಡ ನಿಧಾನವಾಗಿ ಮೂಡುತ್ತದೆ. ಕಂಡಿ ಅಲ್ಲಿ ಪುಟ್ಟ ದೀಪವನ್ನು ಡಿಮ್ಮರ್‌ನಿಂದ ಮೆಲ್ಲಗೆ ಏರಿಸಿದ್ದಾರೆ. ಅವಳೂ ಬಾಗಿಲೂ ಒಟ್ಟಿಗೆ ಕಾಣದಿದ್ದರೆ ಆ ಶಾಟ್ ಇದ್ದೂ ಇಲ್ಲದಂತೆ.

ಒಳ್ಳೆ ಡಿಸ್ಕ್ ಹಾಕಿದರೂ ಟಿವಿ ಸೆಟ್ಟಿಂಗ್ ಇದೇ ಶಾಟನ್ನು ಹಾಳುಮಾಡಬಲ್ಲದು. ‘ವಿವಿಡ್’ ಮೋಡ್‌ನಲ್ಲಿ ಕತ್ತಲು ಬೂದುಬಣ್ಣವಾಗಿ, ದೀಪ ಏರುವ ಮೊದಲೇ ಮುಖವಾಡ ಕಾಣಿಸಿಕೊಳ್ಳುತ್ತದೆ. ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ’ ಮೋಡ್‌ಗೆ ಬನ್ನಿ, ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಕೋಣೆಯ ಲೈಟೂ ಆರಿಸಿ. ಬ್ರೈಟ್‌ನೆಸ್ ಏರಿಸಬೇಡಿ.

ಧ್ವನಿಯಲ್ಲಿ ಸುತ್ತಲಿನ ಸ್ಪೀಕರ್‌ಗಳ 5.1ಕ್ಕಿಂತ ಒಂದೇ ಚಾನೆಲ್‌ನ ಮೂಲ ಮೋನೋ ವಾಸಿ. 5.1ರಲ್ಲಿ ಚಿತ್ರದ ಪಿಯಾನೋ ಸಂಗೀತ ಕೋಣೆ ತುಂಬುತ್ತದೆ ನಿಜ, ಆದರೆ ಮೂಲದಲ್ಲಿಲ್ಲದ ಸದ್ದುಗಳೂ ಸೇರಿವೆ. ಡಿಸ್ಕ್‌ನ ಆಡಿಯೋ ಮೆನುವಿನಲ್ಲಿ ಮೋನೋ ಆರಿಸಿ ಕೊನೆಯ ನಿಮಿಷ ಕೇಳಿ: ಖಾಲಿ ಕೋಣೆ, ಖಾಲಿ ಮೆಟ್ಟಿಲು, ಖಾಲಿ ಮನೆಗಳು ಒಂದೊಂದಾಗಿ ಬರುತ್ತವೆ, ಮೈಕಲ್‌ನ ಉಸಿರಿನ ಸದ್ದು ಮಾತ್ರ ನಿಲ್ಲುವುದಿಲ್ಲ. ಅದು ಸುತ್ತಲಿನ ಸ್ಪೀಕರ್‌ಗಳಿಂದ ಬರದೆ ಪರದೆಯಿಂದಲೇ ಬರುವುದರಿಂದ, ಆ ಮನೆಗಳೇ ಉಸಿರಾಡುತ್ತಿರುವ ಹಾಗೆ ಕೇಳಿಸುತ್ತದೆ.