ಕಾಯಿಲೆ ಇಲ್ಲದವರೂ 14416ಕ್ಕೆ ಫೋನ್ ಮಾಡಬಹುದಾ? ಎರಡೂವರೆ ವರ್ಷ ಬಳಸಿದವಳ ಅನುಭವ

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ದಿನವಿಡೀ ಬೇರೆಯವರ ಅರ್ಜಿ ಟೈಪ್ ಮಾಡುವುದೇ ನನ್ನ ಕೆಲಸ. ಅಪ್ಪನಿಗೆ ಲಕ್ವ ಹೊಡೆದಾಗ ಅವರ ಅಂಗವಿಕಲರ ಕಾರ್ಡಿನ ಅರ್ಜಿಯನ್ನೂ ನಾನೇ ತುಂಬಿದೆ. ಯಾವ ಬಗೆಯ ತೊಂದರೆ, ಶೇಕಡಾ ಎಷ್ಟು, ಯಾವಾಗಿನಿಂದ, ಎಲ್ಲದಕ್ಕೂ ಒಂದೊಂದು ಕಾಲಂ. ಶೇ. 40 ಮುಟ್ಟಿದರೆ ಸೌಲಭ್ಯಗಳಿಗೆ ಲೆಕ್ಕ. ಅಪ್ಪನದು ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಬಲಗೈ, ಬಲಗಾಲು ಆಡುತ್ತಿರಲಿಲ್ಲ. ಮಾತೂ ಹೋಗಿತ್ತು.

ನನ್ನ ವಿಷಯಕ್ಕೆ ಬಂದರೆ ಯಾವ ಕಾಲಮ್ಮಿನಲ್ಲೂ ಬರೆಯುವುದಕ್ಕೆ ಏನೂ ಇರಲಿಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ. ಕೈಕಾಲು ಗಟ್ಟಿ ಇದೆ. ಅಂಗಡಿ ನಡೆಯುತ್ತಿದೆ. ಆದರೆ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಸುಮ್ನೆ ಅಳು ಬರುತ್ತಿತ್ತು. ಇದನ್ನು ಯಾರಿಗೆ ಹೇಳಬೇಕು? ಹೇಳಿದರೆ ಏನಂತ ಹೇಳಬೇಕು?

ನನ್ನ ಹಾಗೆ ಕಾಯಿಲೆಯ ಹೆಸರಿಲ್ಲದೆ ಒದ್ದಾಡುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. 14416 ಅಂದರೆ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವುದಕ್ಕೆ ಇರುವ ಸರ್ಕಾರಿ ಸಹಾಯವಾಣಿ. 2023ರ ಮಾರ್ಚ್‌ನಿಂದ ಇಲ್ಲಿಯವರೆಗೆ ಅದಕ್ಕೆ ಒಂಬತ್ತು ಸಲ ಫೋನ್ ಮಾಡಿದ್ದೇನೆ.

ಅದಕ್ಕೂ ಮೊದಲು ಒಂದು ಖಾಸಗಿ ಆ್ಯಪ್ ಹಾಕಿಕೊಂಡಿದ್ದೆ. ಹೆಸರು ಬೇಡ. ದುಡ್ಡು ಕಟ್ಟಿದ ತಕ್ಷಣ ಒಂಬತ್ತು ಪ್ರಶ್ನೆ ಬಂದವು. ಕಳೆದ ಎರಡು ವಾರದಲ್ಲಿ ನಿದ್ದೆಗೆ ತೊಂದರೆಯಾಗಿದೆಯೇ? ಸುಸ್ತಾಗಿದೆಯೇ? ಊಟ ಸೇರುತ್ತಿಲ್ಲವೇ? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ನಾನು ಮೂರಕ್ಕೂ "ಹೆಚ್ಚುಕಡಿಮೆ ಪ್ರತಿದಿನ" ಅಂತ ಒತ್ತಿದೆ. ಅಲ್ಲಿಗೇ ಒಂಬತ್ತು ಅಂಕ ಆಯಿತು. ಇನ್ನು ನಾಲ್ಕು ಅಂಕ ಉಳಿದ ಪ್ರಶ್ನೆಗಳಿಂದ ಸೇರಿದವು. ಒಟ್ಟು ಹದಿಮೂರು. ಯಾರ ಜೊತೆಗೂ ಒಂದು ಮಾತು ಆಡುವ ಮೊದಲೇ ಪರದೆಯ ಮೇಲೆ "ಮಧ್ಯಮ ಪ್ರಮಾಣದ ಖಿನ್ನತೆ" ಅಂತ ಕೆಂಪಕ್ಷರ.

ಆ ರಾತ್ರಿ ಎಷ್ಟು ಹೆದರಿದ್ದೆ ಅಂದರೆ ಫೋನನ್ನು ದಿಂಬಿನ ಕೆಳಗೆ ಇಟ್ಟುಬಿಟ್ಟೆ.

ನಿದ್ದೆ ಯಾಕಿಲ್ಲ ಅಂತ ಆ ಆ್ಯಪ್ ಕೇಳಲೇ ಇಲ್ಲ. ಅಪ್ಪ ಮಲಗಿದ ಕಡೆಯೇ ಮಲಗಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಡಾಕ್ಟರು ಹೇಳಿದ್ದರು. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಂ ಇಟ್ಟು ಏಳುತ್ತಿದ್ದೆ. ಹಾಗಿದ್ದ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಸುಸ್ತು ಎಲ್ಲಿಗೆ ಹೋಗಬೇಕು? ಆ ಒಂಬತ್ತು ಪ್ರಶ್ನೆಗಳನ್ನು ಡಾಕ್ಟರುಗಳೂ ಬಳಸುತ್ತಾರೆ, ಅವುಗಳದ್ದೇನೂ ತಪ್ಪಿಲ್ಲ ಅಂತ ಆಮೇಲೆ ತಿಳಿಯಿತು. ಯಾರನ್ನು ಕೂರಿಸಿಕೊಂಡು ಸರಿಯಾಗಿ ಮಾತಾಡಿಸಬೇಕು ಅಂತ ಸೋಸಿ ನೋಡುವುದಕ್ಕೆ ಇರುವ ಪಟ್ಟಿ ಅದು. ಅದರ ಅಂಕವೊಂದನ್ನೇ ಹಿಡಿದುಕೊಂಡು ಇಂಥ ಕಾಯಿಲೆ ಅಂತ ಹೇಳುವ ಹಾಗಿಲ್ಲ. ನನಗೆ ಸಿಕ್ಕಿದ್ದು ಅಂಕ ಮಾತ್ರ. ಮಾತಾಡಿಸುವವರು ಸಿಗಲಿಲ್ಲ.

ಇನ್ನು ಟೆಲಿ ಮಾನಸ್. ಇದು ಕೇಂದ್ರ ಸರ್ಕಾರದ ಉಚಿತ ಸೇವೆ. 2022ರ ಬಜೆಟ್‌ನಲ್ಲಿ ಹೇಳಿ, ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದರು. ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತಾಂತ್ರಿಕ ಕೆಲಸ ಬೆಂಗಳೂರಿನ ಟ್ರಿಪಲ್ ಐಟಿಯದ್ದು. 14416 ಒತ್ತಿದರೆ ಮೊದಲು ಭಾಷೆ ಆರಿಸಿಕೊಳ್ಳಬೇಕು. ಕನ್ನಡವೂ ಸೇರಿ 20 ಭಾಷೆಗಳಿವೆ. ಮೊದಲು ಮಾತಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಬೇಕು ಅನ್ನಿಸಿದರೆ ಅವರೇ ತಜ್ಞರಿಗೆ ಕೊಡುತ್ತಾರೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. 2024ರ ಅಕ್ಟೋಬರ್‌ನಲ್ಲಿ ಆ್ಯಪ್ ಕೂಡ ಬಂತು. ನಾನು ಹಾಕಿಕೊಂಡಿಲ್ಲ, ನನಗೆ ನಂಬರೇ ಸಾಕು.

ಮೊದಲ ಸಲ ಫೋನ್ ಮಾಡಿದ ದಿನದ್ದನ್ನು ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ.

ಅವತ್ತು ರಾತ್ರಿ ಅಪ್ಪನಿಗೆ ರಾಗಿ ಗಂಜಿ ಕುಡಿಸುತ್ತಿದ್ದೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಬೇಕು, ಇಲ್ಲಾಂದ್ರೆ ಕೆಮ್ಮು ಬರುತ್ತೆ. ಅಂಗಡಿಯಿಂದ ಬಂದು ಸೀರೆಯನ್ನೂ ಬದಲಿಸಿರಲಿಲ್ಲ. ನಾಲ್ಕನೇ ಚಮಚಕ್ಕೆ ಅಪ್ಪ ಎಡಗೈ ಬೀಸಿದರು. ಬಟ್ಟಲು ಮಗುಚಿ ಹಾಸಿಗೆ, ದಿಂಬು, ನನ್ನ ಸೀರೆ ಎಲ್ಲಾ ಗಂಜಿ. ನಾನು ಅವರ ಕೈಗೆ ಹೊಡೆದುಬಿಟ್ಟೆ. ಜೋರಾಗಿಯೇ ಹೊಡೆದೆ. ನನಗೆ ಅಕ್ಷರ ತಿದ್ದಿಸಿದ ಮನುಷ್ಯ ಅವರು. ಬಾಯಿಂದ ಮಾತು ಬರಲಿಲ್ಲ, ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. ನಾನು ಹಾಸಿಗೆ ಬದಲಿಸಿದೆ, ಅವರ ಮೈ ಒರೆಸಿದೆ, ಮತ್ತೆ ಗಂಜಿ ಕಾಯಿಸಿ ಕುಡಿಸಿದೆ. ಒಂದೂವರೆ ಗಂಟೆಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು 14416 ಒತ್ತಿದೆ.

ಆ ಕಡೆ ಒಬ್ಬ ಹೆಣ್ಣುಮಗಳು. ನಾನು ಮೊದಲು ಹೇಳಿದ್ದೇ, "ನನಗೆ ಕಾಯಿಲೆ ಏನೂ ಇಲ್ಲ ಮೇಡಂ, ನಿಮ್ಮ ಹತ್ತಿರ ಮಾತಾಡಬಹುದೋ ಇಲ್ಲವೋ ಗೊತ್ತಿಲ್ಲ" ಅಂತ.

"ಅದಕ್ಕೇನಂತೆ, ಮಾತಾಡಿ. ನಿಮ್ಮದು ಊಟ ಆಯ್ತಾ?" ಅಂದರು.

ನನ್ನ ಊಟದ ಬಗ್ಗೆ ಯಾರಾದರೂ ಕೇಳಿ ಎಷ್ಟು ದಿನ ಆಗಿತ್ತೋ. ಮನೆಗೆ ಬಂದವರೆಲ್ಲ ಅಪ್ಪನದು ಊಟ ಆಯ್ತಾ, ಮಾತ್ರೆ ಆಯ್ತಾ ಅಂತ ಕೇಳುತ್ತಾರೆ. ಅದು ಸರಿಯೇ. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದಿದ್ದೇ ತಡ, ಐದು ನಿಮಿಷ ಅತ್ತೆ. ಅವರು ಫೋನ್ ಇಡಲಿಲ್ಲ, "ಅಳಬೇಡಿ" ಅಂತಲೂ ಅನ್ನಲಿಲ್ಲ. ಕೈಗೆ ಹೊಡೆದದ್ದನ್ನು ಹೇಳಿದೆ. ಅಯ್ಯೋ ಅನ್ನಲಿಲ್ಲ. ಹಾಗಂತ ಪರವಾಗಿಲ್ಲ ಬಿಡಿ ಅಂತ ತೇಲಿಸಲೂ ಇಲ್ಲ. ಹೊಡೆಯುವ ಮುಂಚೆ ಅವತ್ತು ಏನೇನಾಯಿತು ಅಂತ ಬೆಳಿಗ್ಗೆಯಿಂದ ಕೇಳುತ್ತಾ ಬಂದರು. ಮುಂದೆ ಹಾಗೆ ಸಿಟ್ಟು ಬಂದರೆ ಬಟ್ಟಲು ಕೆಳಗಿಟ್ಟು, ಅಪ್ಪನನ್ನು ಒರಗಿಸಿ, ಹೊಸ್ತಿಲು ದಾಟಿ ಎರಡು ನಿಮಿಷ ಹೊರಗೆ ನಿಂತು ಬನ್ನಿ ಅಂದರು. ಸಾಯಬೇಕು ಅಂತ ಅನ್ನಿಸುತ್ತದೆಯೇ ಅಂತಲೂ ನೇರವಾಗಿ ಕೇಳಿದರು. ಇಲ್ಲ ಅಂದೆ. ಅದು ನಿಜವೇ ಆಗಿತ್ತು. ಅಷ್ಟು ಬಿಚ್ಚಿ ಕೇಳಿದ್ದರಿಂದ ಇವರ ಹತ್ತಿರ ಏನನ್ನು ಬೇಕಾದರೂ ಹೇಳಬಹುದು ಅಂತ ಧೈರ್ಯ ಬಂತು. ಕೊನೆಗೂ ಕಾಯಿಲೆಯ ಹೆಸರು ಯಾರ ಬಾಯಿಗೂ ಬರಲಿಲ್ಲ.

ನಮ್ಮಂಥ ಊರಿನಲ್ಲಿ ಯಾರು ಯಾವ ಡಾಕ್ಟರ ಬಾಗಿಲಲ್ಲಿ ನಿಂತಿದ್ದರು ಅಂತ ಸಂಜೆಯೊಳಗೆ ಮನೆಮನೆಗೂ ಗೊತ್ತಾಗುತ್ತದೆ. ಹಿತ್ತಲ ಕಲ್ಲಿನ ಮೇಲೆ ಕೂತು ಮಾತಾಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸಲ ಬೇರೆ ದನಿ ಸಿಕ್ಕಿದ್ದೂ ನನಗೆ ಒಳ್ಳೆಯದೇ ಆಯಿತು. ಪರಿಚಯದ ಹಂಗಿಲ್ಲದೆ ಮಾತಾಡಿದೆ.

ಮೂರನೇ ಸಲ ತಮ್ಮನ ವಿಷಯಕ್ಕೆ ಮಾಡಿದೆ. ಅವನು ಬೆಂಗಳೂರಿನಲ್ಲಿದ್ದಾನೆ. ತಿಂಗಳಿಗೆ ದುಡ್ಡು ಹಾಕುತ್ತಾನೆ, ಆದರೆ ಬರುವುದಿಲ್ಲ. ಅವನ ಮೇಲಿನ ಸಿಟ್ಟು ಯಜಮಾನರ ಮೇಲೆ ಹೋಗುತ್ತಿತ್ತು. ಅವರೂ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದು ಸೋತು ಬಂದಿರುತ್ತಾರೆ. ಆ ಕಡೆಯವರು ತಮ್ಮನನ್ನು ಬೈಯಲಿಲ್ಲ. ಒಂದು ವಾರ ನೀವು ಮಾಡುವ ಕೆಲಸವನ್ನೆಲ್ಲ ಬರೆದಿಡಿ ಅಂದರು. ಬರೆಯುವುದು ನನ್ನ ಕಸುಬೇ ಅಲ್ವಾ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದೆ. ರಾತ್ರಿ ಏಳುವುದು, ಪೈಪ್ ತೊಳೆಯುವುದು, ಉಗುರು ಕತ್ತರಿಸುವುದು, ಎಲ್ಲಾ ಸೇರಿ ಎರಡು ಪುಟ ಆಯಿತು. ಜಗಳದ ಒಂದು ಮಾತೂ ಸೇರಿಸದೆ ತಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಮರುದಿನ ಫೋನ್ ಮಾಡಿ, "ಅಕ್ಕಾ, ಇಷ್ಟಿದೆ ಅಂತ ನನಗೆ ಗೊತ್ತಿರಲಿಲ್ಲ" ಅಂದ. ಈಗ ಎರಡನೇ ಶನಿವಾರ ಬಂದು ಭಾನುವಾರ ಇದ್ದು ಹೋಗುತ್ತಾನೆ. ಆ ಒಂದು ರಾತ್ರಿ ನಾನು ಅಲಾರಂ ಇಲ್ಲದೆ ಮಲಗುತ್ತೇನೆ.

ನಡುವಿನ ಕರೆಗಳ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಕೆಲವು ಹತ್ತೇ ನಿಮಿಷದವು. ಮಾತಾಡಿ ಹಗುರಾಗಿ ಅಡುಗೆಗೆ ಹೋಗಿದ್ದೇನೆ, ಅಷ್ಟೇ.

2024ರಲ್ಲಿ ಮಾತ್ರ ಬೇರೆ ಥರ ಆಯಿತು. ತಮ್ಮ ಬಂದ ರಾತ್ರಿಯೂ ನಿದ್ದೆ ಬರಲಿಲ್ಲ. ಮೂರು ವಾರ ಹಾಗೇ ನಡೆಯಿತು. ಫೋನ್ ಮಾಡಿದಾಗ ತಜ್ಞರಿಗೆ ಕೊಟ್ಟರು. ಅವರು ವಿವರವಾಗಿ ಕೇಳಿ, ಒಂದು ಸಲ ಎದುರು ಕೂತು ತೋರಿಸಿಕೊಳ್ಳಿ ಅಂದರು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆ. ಒಂದು ಮಂಗಳವಾರ ಹೋದೆ. ಡಾಕ್ಟರು ಥೈರಾಯ್ಡ್, ರಕ್ತ ಪರೀಕ್ಷೆ ಮಾಡಿಸಿದರು, ನಿಧಾನವಾಗಿ ಮಾತಾಡಿಸಿದರು. ಮಾತ್ರೆ ಬರೆಯಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬರಲು ಹೇಳಿದರು.

"ಹಾಗಾದರೆ ನನಗೆ ಏನು ಸರ್ ಕಾಯಿಲೆ?" ಅಂತ ಕೇಳಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ವಿಷಯ ಅವರೇ ಹೇಳಿದ್ದು. ಐಸಿಡಿ ಹತ್ತು ಅನ್ನುವ ಆ ಪಟ್ಟಿಯಲ್ಲಿ ಕಾಯಿಲೆಗಳೆಲ್ಲ ಮುಗಿದ ಮೇಲೆ ಝಡ್ ಅಕ್ಷರದ ಒಂದು ಅಧ್ಯಾಯ ಬರುತ್ತದೆ. ರೋಗ ಅಲ್ಲದಿದ್ದರೂ ಮನುಷ್ಯ ಆಸ್ಪತ್ರೆಯ ಬಾಗಿಲಿಗೆ ಬರುವುದಕ್ಕೆ ಕಾರಣವಾಗುವ ಸಂಗತಿಗಳು ಅದರಲ್ಲಿವೆ. ಝಡ್ 63.6 ಅಂದರೆ, ಮನೆಯಲ್ಲಿ ಆರೈಕೆ ಬೇಕಾದ, ನಮ್ಮನ್ನೇ ನಂಬಿಕೊಂಡ ಸಂಬಂಧಿ ಇರುವುದು. ನನ್ನ ಮನೆಯ ಪರಿಸ್ಥಿತಿ ಇದ್ದ ಹಾಗೇ ಅಲ್ಲಿ ಬರೆದಿತ್ತು. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಹುಡುಕಿ ಆ ಸಾಲನ್ನು ಎರಡು ಮೂರು ಸಲ ಓದಿದೆ.

ಎಲ್ಲವೂ ಫೋನಿನಿಂದ ಬಗೆಹರಿಯಿತು ಅಂತ ಹೇಳಲಾರೆ. ಫೋನು ಬಂದು ಅಪ್ಪನ ಮಗ್ಗುಲು ಬದಲಿಸುವುದಿಲ್ಲ. ನೋಡಿಕೊಳ್ಳುವವರಿಗೆ ಕೊಡುವ ಸಂಬಳದ ದುಡ್ಡನ್ನೂ ತರುವುದಿಲ್ಲ. ವಾರವಾರ ಒಬ್ಬರ ಎದುರೇ ಕೂತು ವರ್ಷಗಟ್ಟಲೆ ಹಳೆಯದನ್ನು ಬಿಡಿಸಿಕೊಳ್ಳಬೇಕು ಅನ್ನುವವರಿಗೆ ಬೇರೆ ದಾರಿ ಬೇಕು. ಬೆಂಗಳೂರಿನವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದೇ ಕ್ಷೇಮ ಕೇಂದ್ರ ಇದೆ. ಕಾಯಿಲೆ ಅಂತಲ್ಲ, ಬದುಕಿನ ಒತ್ತಡ ಅಂತ ಬರುವವರಿಗಾಗಿಯೇ ಮಾಡಿದ್ದು. ಯಾರಿಗಾದರೂ ಈಗಲೇ ಜೀವಕ್ಕೆ ಅಪಾಯ ಅನ್ನುವ ಸ್ಥಿತಿ ಇದ್ದರೆ 112ಕ್ಕೆ ಮಾಡಿ, ಹತ್ತಿರದವರನ್ನು ಕರೆಯಿರಿ, ಒಬ್ಬರೇ ಇರಬೇಡಿ.

ಅಪ್ಪ ಈಗ ಎಡಗೈಯಲ್ಲಿ ಚಮಚ ಹಿಡಿಯುತ್ತಾರೆ. ಅರ್ಧ ಬಾಯಿಗೆ, ಅರ್ಧ ಟವೆಲ್ಲಿಗೆ. ಅವರು ತಿನ್ನುವಾಗ ನಾನೂ ಪಕ್ಕದಲ್ಲೇ ತಟ್ಟೆ ಹಾಕಿಕೊಂಡು ಕೂರುತ್ತೇನೆ.

ಅಂಗಡಿಯ ಗಾಜಿಗೆ ಜೆರಾಕ್ಸ್ ದರದ ಪಟ್ಟಿ ಇದೆಯಲ್ಲ, ಅದರ ಪಕ್ಕ 14416 ಅಂತ ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು ಅಂಟಿಸಿದ್ದೇನೆ. ಕೆಳಗೆ "ಮನಸ್ಸಿಗೆ ಕಷ್ಟವಾದರೆ, ಉಚಿತ, ಕನ್ನಡದಲ್ಲಿ" ಅಂತ ಒಂದು ಸಾಲು. ಹೋದ ವಾರ ವಿಧವಾ ವೇತನದ ಅರ್ಜಿ ಬರೆಸಲು ಬಂದಿದ್ದ ಹೆಂಗಸೊಬ್ಬರು ಅದನ್ನು ತುಂಬಾ ಹೊತ್ತು ನೋಡಿದರು. ಆಧಾರ್, ಪಡಿತರ ಚೀಟಿ ಎಲ್ಲಾ ಚೀಲಕ್ಕೆ ಹಾಕಿಕೊಂಡ ಮೇಲೆ, "ಅದಕ್ಕೆ ಏನೇನು ಕಾಗದ ಬೇಕಕ್ಕಾ?" ಅಂತ ಕೇಳಿದರು.

ಯಾವ ಕಾಗದವೂ ಬೇಡ ಅಂದೆ. ಅವರ ಅರ್ಜಿಯ ಹಿಂದೆ ನಂಬರ್ ಬರೆದುಕೊಟ್ಟೆ.